ನೀರು ಜೀರುಂಡೆಯ ಬೆನ್ನು ಹತ್ತಿದವನು: ಚಾರ್ಲ್ಸ್ ಡಾರ್ವಿನ್

ಅಭ್ಯಾಸ ಬೋಧನೆಯಲ್ಲಿ ಜೀವವಿಕಾಸದ ಪಾಠ ಪಾಲಿಗೆ ಬಂದರೆ ನಮ್ಮ ಪಾಠಯೋಜನೆಗಳಲ್ಲಿ ಚಾರ್ಲ್ಸ್ ಡಾರ್ವಿನ್ ಬಹುಮಟ್ಟಿಗೆ ಬಿಳಿ ಗಡ್ಡದ ಮುದುಕನಾಗಿಯೇ ಬರುತ್ತಾನೆ. ಪೀಠಿಕೆಗೆ ಅವನ ಭಾವಚಿತ್ರ, ವಿಷಯ ನಿರೂಪಣೆಗೆ ಗಲಪಗೋಸ್ ದ್ವೀಪಗಳ ಫಿಂಚ್ ಹಕ್ಕಿಗಳ ಕೊಕ್ಕು, ಕಪ್ಪುಹಲಗೆಯ ಮೇಲೆ ನೈಸರ್ಗಿಕ ಆಯ್ಕೆ ಎಂಬ ಎರಡು ಪದ. ಅಲ್ಲಿಗೆ ಪಾಠ ಮುಗಿಯುತ್ತದೆ. ಆದರೆ ಗಡ್ಡ ಬೆಳೆಯುವುದಕ್ಕೆ ಬಹಳ ಮೊದಲು ಜೌಗು ನೆಲದಲ್ಲಿ ಹುಳ ಹಿಡಿಯುತ್ತ ತಿರುಗುತ್ತಿದ್ದ ಒಬ್ಬ ಹುಡುಗನಿದ್ದ. ಅವನಿಗೆ ತನ್ನ ಹೆಸರನ್ನು ಅಚ್ಚಿನಲ್ಲಿ ನೋಡುವ ಸಂತೋಷ ಮೊದಲು ಸಿಕ್ಕಿದ್ದು ಕೀಟಗಳ ಪುಸ್ತಕದಿಂದ. ಅವನು ತೀರಿಕೊಳ್ಳುವ ಹದಿಮೂರು ದಿನ ಮೊದಲು ಪ್ರಕಟವಾದ ಅವನ ಪುಟ್ಟ ಲೇಖನದಲ್ಲಿಯೂ ಒಂದು ನೀರು ಜೀರುಂಡೆಯಿತ್ತು. ಈ ಎರಡರ ನಡುವಿನ ಬದುಕಿನಲ್ಲಿ ಅವನು ಹುಳ ಹಿಡಿಯುವುದರಿಂದ ಹುಳವನ್ನು ಅರಿಯುವುದಕ್ಕೆ ಹೇಗೆ ಬಂದ ಎಂಬುದು, ವಿಜ್ಞಾನ ಕಲಿಸಲು ಹೊರಟಿರುವ ನಮಗೆ ಫಿಂಚ್ ಹಕ್ಕಿಯ ಕೊಕ್ಕಿನಷ್ಟೇ ಮುಖ್ಯವಾದ ಸಂಗತಿ.

ಶಾಲೆಗೆ ಒಗ್ಗದ ಹುಡುಗ

ಡಾರ್ವಿನ್ ಹುಟ್ಟಿದ್ದು 1809ರ ಫೆಬ್ರವರಿ 12ರಂದು, ಇಂಗ್ಲೆಂಡಿನ ಶ್ರೂಸ್‌ಬರಿ ಎಂಬ ಊರಿನಲ್ಲಿ. ತಂದೆ ರಾಬರ್ಟ್ ಡಾರ್ವಿನ್ ಹೆಸರಾಂತ ವೈದ್ಯರು. ಎಂಟು ವರ್ಷಕ್ಕೆ ತಾಯಿ ತೀರಿಕೊಂಡರು, ಅಕ್ಕಂದಿರು ಬೆಳೆಸಿದರು. ಊರಿನ ಶಾಲೆಯಲ್ಲಿ ಗ್ರೀಕ್, ಲ್ಯಾಟಿನ್ ಬಾಯಿಪಾಠವೇ ವಿದ್ಯೆ. ಕಂಠಪಾಠ ಮಾಡಿದ್ದು ಎರಡು ದಿನಕ್ಕೆ ಮರೆತುಹೋಗುತ್ತಿತ್ತು. ಮನೆಯ ತೋಟದ ಕೊಟ್ಟಿಗೆಯಲ್ಲಿ ಅಣ್ಣನ ಜೊತೆ ರಸಾಯನಶಾಸ್ತ್ರದ ಪ್ರಯೋಗ ಮಾಡುತ್ತಿದ್ದುದಕ್ಕೆ ಮುಖ್ಯೋಪಾಧ್ಯಾಯರು ಎಲ್ಲರೆದುರೇ ಗದರಿಸಿದರು. ಅವರ ಕಣ್ಣಿಗೆ ಅದು ಕಾಲಹರಣ. ತಂದೆಗೂ ಅದೇ ಚಿಂತೆ. ಬೇಟೆ, ನಾಯಿ, ಇಲಿ ಹಿಡಿಯುವುದು ಬಿಟ್ಟರೆ ಮಗನಿಗೆ ಬೇರೆ ಧ್ಯಾಸವಿಲ್ಲ, ಮನೆತನಕ್ಕೆ ಕೆಟ್ಟ ಹೆಸರು ತರುತ್ತಾನೆ ಎಂದು ಅವರು ಒಮ್ಮೆ ಸಿಟ್ಟಿನಿಂದ ಅಂದದ್ದು ಮಗನ ಮನಸ್ಸಿನಲ್ಲಿ ಕೊನೆಯವರೆಗೂ ಉಳಿಯಿತು.

ಹತ್ತು ವರ್ಷದವನಿದ್ದಾಗ ವೇಲ್ಸ್‌ನ ಕಡಲ ತೀರಕ್ಕೆ ಮನೆಯವರ ಜೊತೆ ಹೋಗಿದ್ದ. ತನ್ನ ಊರಿನಲ್ಲಿ ಕಾಣದ ಕೀಟಗಳು ಅಲ್ಲಿ ಕಂಡವು. ಒಂದೇ ದೇಶದೊಳಗೆ ಜಾಗ ಬದಲಾದರೆ ಹುಳವೂ ಬದಲಾಗುತ್ತದೆ ಎಂಬುದು ಅವನ ಕಣ್ಣಿಗೆ ಬಿದ್ದದ್ದು ಆಗಲೇ. ಕೂಡಿಡುವ ಆಸೆಯಾಯಿತು. ಅಕ್ಕನನ್ನು ಕೇಳಿದ. ಕೂಡಿಡುವ ಸಲುವಾಗಿ ಜೀವ ತೆಗೆಯುವುದು ಸರಿಯಲ್ಲ ಎಂದು ಇಬ್ಬರಿಗೂ ಅನಿಸಿತು. ಆದ್ದರಿಂದ ಸತ್ತು ಬಿದ್ದ ಹುಳಗಳನ್ನು ಮಾತ್ರ ಆಯ್ದುಕೊಳ್ಳಬೇಕೆಂದು ತೀರ್ಮಾನಿಸಿದ. ಈ ತೀರ್ಮಾನ ಮುಂದೆ ಉಳಿಯಲಿಲ್ಲ. ಆದರೂ ಆ ಹುಡುಗ ಎತ್ತಿದ ಪ್ರಶ್ನೆ ಇವತ್ತಿನ ಶಾಲಾ ಪ್ರಯೋಗಾಲಯದಲ್ಲಿಯೂ ಇದೆ.

ಹದಿನಾರನೆಯ ವಯಸ್ಸಿಗೆ ತಂದೆ ಅವನನ್ನು ವೈದ್ಯಕೀಯ ಓದಲು ಎಡಿನ್‌ಬರೋಗೆ ಕಳಿಸಿದರು. ಅರಿವಳಿಕೆ ಬಳಕೆಗೆ ಬಾರದಿದ್ದ ಕಾಲ. ಶಸ್ತ್ರಚಿಕಿತ್ಸೆ ನೋಡಲಾರದೆ ಓಡಿಬಂದ. ವೈದ್ಯನಾಗುವುದಿಲ್ಲ ಎಂದು ಖಚಿತವಾದ ಮೇಲೆ, ಪಾದ್ರಿಯಾದರೂ ಆಗಲಿ ಎಂದು 1828ರ ಆರಂಭದಲ್ಲಿ ಕೇಂಬ್ರಿಡ್ಜಿಗೆ ಸೇರಿಸಿದರು.

ಜೌಗು ಬಯಲಿನಲ್ಲಿ

ಕೇಂಬ್ರಿಡ್ಜಿನ ಉತ್ತರ ಮತ್ತು ಪೂರ್ವಕ್ಕೆ ಆಗ ಫೆನ್ ಎಂಬ ಹೆಸರಿನ ವಿಶಾಲ ಜೌಗು ಬಯಲು ಹರಡಿತ್ತು. ನಿಂತ ನೀರು, ಕಾಲುವೆ, ಜೊಂಡು, ಕೊಳೆತ ಎಲೆಯ ಕಪ್ಪು ಮಣ್ಣು. ಇಂಥ ಕಡೆ ನೀರು ಜೀರುಂಡೆಗಳಿಗೆ ಬೇಕಾದುದೆಲ್ಲ ಸಿಗುತ್ತದೆ: ಮೊಟ್ಟೆಯಿಡಲು ಗಿಡ, ತಿನ್ನಲು ಗೊದಮೊಟ್ಟೆ ಮತ್ತು ಚಿಕ್ಕ ಹುಳ, ಕೋಶಾವಸ್ಥೆ ಕಳೆಯಲು ದಡದ ಒದ್ದೆ ಮಣ್ಣು.

ನೀರು ಜೀರುಂಡೆ ಎಂದರೆ ಒಂದೇ ಬಗೆಯಲ್ಲ. ಡೈಟಿಸ್ಕಸ್ ಕುಟುಂಬದವು ಬೇಟೆಗಾರ ಈಜುಗಾರರು. ಹಿಂಗಾಲುಗಳಿಗೆ ರೋಮದ ಅಂಚಿದ್ದು ಹುಟ್ಟಿನ ಹಾಗೆ ಕೆಲಸ ಮಾಡುತ್ತವೆ. ಉಸಿರಿಗೆ ಬಾಲದ ತುದಿಯನ್ನು ನೀರಿನ ಮೇಲೆ ಚಾಚಿ, ಗಟ್ಟಿ ಮುಂರೆಕ್ಕೆಗಳ ಕೆಳಗೆ ಗಾಳಿ ತುಂಬಿಕೊಂಡು ಮುಳುಗುತ್ತವೆ. ಹೈಡ್ರೋಫಿಲಸ್ ಕುಟುಂಬದವು ಉಸಿರಿಗೆ ಬರುವಾಗ ತಲೆಯನ್ನು ಮೇಲೆ ಮಾಡುತ್ತವೆ. ಗಾಳಿ ಎಳೆದುಕೊಳ್ಳಲು ಅವು ಮೀಸೆಯನ್ನು ಬಳಸುತ್ತವೆ. ಗೈರಿನಸ್ ಕುಟುಂಬದವು ನೀರಿನ ಮೇಲೆಯೇ ಗಿರಗಿರನೆ ಸುತ್ತುತ್ತವೆ. ಅವುಗಳ ಒಂದೊಂದು ಕಣ್ಣೂ ಎರಡು ಭಾಗ: ಒಂದು ಗಾಳಿಯಲ್ಲಿ ನೋಡಲು, ಇನ್ನೊಂದು ನೀರಿನೊಳಗೆ ನೋಡಲು.

ಸಂಬಂಧಿಕ ವಿಲಿಯಂ ಡಾರ್ವಿನ್ ಫಾಕ್ಸ್ ಹಚ್ಚಿದ ಹುಚ್ಚು ಡಾರ್ವಿನ್‌ನನ್ನು ಪೂರ್ತಿ ಆವರಿಸಿತು. ಒಮ್ಮೆ ಮರದ ತೊಗಟೆ ಕೀಳುವಾಗ ಎರಡು ಅಪರೂಪದ ಜೀರುಂಡೆ ಸಿಕ್ಕವು, ಕೈಗೊಂದರಂತೆ ಹಿಡಿದ. ಅಷ್ಟರಲ್ಲಿ ಮೂರನೆಯದು ಕಂಡಿತು. ಬಲಗೈಯಲ್ಲಿದ್ದುದನ್ನು ಬಾಯಿಗೆ ಹಾಕಿಕೊಂಡ. ಅದು ನಾಲಿಗೆ ಸುಡುವ ರಸ ಕಾರಿತು. ಉಗುಳಬೇಕಾಯಿತು, ಅದೂ ಹೋಯಿತು, ಮೂರನೆಯದೂ ಹೋಯಿತು. ತಾನೇ ಹುಡುಕಿದ್ದು ಸಾಲದೆ, ಚಳಿಗಾಲದಲ್ಲಿ ಕೂಲಿಯಾಳನ್ನು ಗೊತ್ತು ಮಾಡಿ ಹಳೆಯ ಮರಗಳ ಪಾಚಿ ಕೆರೆಸಿದ. ಫೆನ್‌ನಿಂದ ಜೊಂಡು ಹೊತ್ತು ತರುವ ದೋಣಿಗಳ ತಳದಲ್ಲಿ ಉಳಿಯುವ ಕಸವನ್ನೂ ಗುಡಿಸಿ ತರಿಸಿದ. ಬೇರೆಯವರು ಎಸೆಯುವ ಆ ಕಸದಲ್ಲಿ ಬಹಳ ಅಪರೂಪದ ಪ್ರಭೇದಗಳು ಸಿಕ್ಕವು. ಸ್ಟೀಫನ್ಸ್ ಎಂಬ ಕೀಟಶಾಸ್ತ್ರಜ್ಞ ಬ್ರಿಟನ್ನಿನ ಕೀಟಗಳ ಬಗ್ಗೆ ಹೊರತರುತ್ತಿದ್ದ ಪುಸ್ತಕದಲ್ಲಿ, ಹಿಡಿದವರು ಸಿ. ಡಾರ್ವಿನ್ ಎಂಬ ಸಾಲು ಕಂಡಾಗ ಅವನಿಗಾದ ಸಂತೋಷ, ಮೊದಲ ಕವಿತೆ ಅಚ್ಚಾದ ಕವಿಗೂ ಆಗಿರಲಾರದು.

ಆದರೆ ಇದು ಇನ್ನೂ ವಿಜ್ಞಾನವಾಗಿರಲಿಲ್ಲ. ಆಗ ತಾನು ಹುಳಗಳನ್ನು ಸೀಳಿ ನೋಡುತ್ತಿರಲಿಲ್ಲ, ಪುಸ್ತಕದ ವಿವರಣೆಗೂ ಅಪರೂಪಕ್ಕೆ ಹೋಲಿಸುತ್ತಿದ್ದೆ, ಹೇಗಾದರೂ ಒಂದು ಹೆಸರು ಸಿಕ್ಕರೆ ಸಾಕಾಗಿತ್ತು ಎಂದು ಮುಪ್ಪಿನಲ್ಲಿ ಅವನೇ ಒಪ್ಪಿಕೊಂಡಿದ್ದಾನೆ. ಇದ್ದದ್ದು ಕೂಡಿಡುವ ಚಪಲ, ಅದರ ಜೊತೆಗೆ ಪೈಪೋಟಿ. ಕೇಂಬ್ರಿಡ್ಜಿನಲ್ಲಿ ಚಾರ್ಲ್ಸ್ ಬ್ಯಾಬಿಂಗ್ಟನ್ ಎಂಬ ಇನ್ನೊಬ್ಬ ತರುಣನಿಗೂ ಜೀರುಂಡೆಯ ಗೀಳು. ತನಗೆ ಹುಳ ತಂದುಕೊಡುತ್ತಿದ್ದವನು ಮೊದಲ ಆಯ್ಕೆಯನ್ನು ಬ್ಯಾಬಿಂಗ್ಟನ್‌ಗೆ ಬಿಡುತ್ತಿದ್ದಾನೆ ಎಂದು 1829ರಲ್ಲಿ ಗೊತ್ತಾದಾಗ, ಇನ್ನೊಮ್ಮೆ ಕೋಣೆಗೆ ಕಾಲಿಟ್ಟರೆ ಮೆಟ್ಟಿಲಿನಿಂದ ಒದ್ದು ಉರುಳಿಸುತ್ತೇನೆ ಎಂದು ಡಾರ್ವಿನ್ ಅವನನ್ನು ಬೈದು ಅಟ್ಟಿದ. ಈ ಬ್ಯಾಬಿಂಗ್ಟನ್ ಮುಂದೆ ಮತ್ತೆ ಬರುತ್ತಾನೆ.

ಜೊತೆಗೆ ನಡೆದ ಗುರು

ಈ ಹುಚ್ಚಿಗೆ ದಾರಿ ತೋರಿಸಿದವರು ಸಸ್ಯಶಾಸ್ತ್ರದ ಪ್ರಾಧ್ಯಾಪಕ ಜಾನ್ ಹೆನ್ಸ್‌ಲೋ. ಅವರು ವಾರಕ್ಕೊಂದು ಸಂಜೆ ವಿದ್ಯಾರ್ಥಿಗಳಿಗೂ ಹಿರಿಯ ವಿದ್ವಾಂಸರಿಗೂ ಮನೆ ತೆರೆದಿಡುತ್ತಿದ್ದರು. ವಿದ್ಯಾರ್ಥಿಗಳನ್ನು ಹೊರಸಂಚಾರಕ್ಕೆ ಕರೆದೊಯ್ಯುತ್ತಿದ್ದರು: ಕೆಲವೊಮ್ಮೆ ನಡೆದು, ಕೆಲವೊಮ್ಮೆ ಗಾಡಿಯಲ್ಲಿ, ಕೆಲವೊಮ್ಮೆ ದೋಣಿಯಲ್ಲಿ ನದಿಯ ಕೆಳಗೆ ಫೆನ್‌ವರೆಗೆ. ದಾರಿಯಲ್ಲಿ ಕಂಡ ಗಿಡ, ಹುಳಗಳೇ ಅಂದಿನ ಪಾಠ. ಡಾರ್ವಿನ್ ದಿನವೂ ಅವರ ಜೊತೆ ಸುತ್ತಾಡುತ್ತಿದ್ದುದರಿಂದ ಕೆಲವು ಅಧ್ಯಾಪಕರು ಅವನನ್ನು ಹೆನ್ಸ್‌ಲೋ ಜೊತೆ ನಡೆಯುವವನು ಎಂದೇ ಗುರುತಿಸುತ್ತಿದ್ದರು.

ಒಂದು ದಿನ ಒದ್ದೆ ಮೇಲ್ಮೈಯ ಮೇಲಿದ್ದ ಪರಾಗದಿಂದ ನಾಳಗಳು ಹೊರಚಾಚಿದ್ದನ್ನು ಡಾರ್ವಿನ್ ಕಂಡ. ಹೊಸದೇನೋ ಕಂಡುಹಿಡಿದೆ ಎಂದು ಗುರುಗಳ ಬಳಿಗೆ ಓಡಿದ. ಅದು ಆಗಲೇ ಎಲ್ಲರಿಗೂ ಗೊತ್ತಿದ್ದ ಸಂಗತಿ. ಹೆನ್ಸ್‌ಲೋ ನಗಲಿಲ್ಲ. ಕುತೂಹಲದ ವಿಷಯ ಹೌದು ಎಂದು ಒಪ್ಪಿದರು, ಅದರ ಅರ್ಥ ವಿವರಿಸಿದರು, ಇದು ಈಗಾಗಲೇ ತಿಳಿದದ್ದು ಎಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ತಾನೇ ಕಂಡೆ ಎಂಬ ಖುಷಿಯೂ, ಮುಂದೆ ಇಷ್ಟು ಆತುರಪಡಬಾರದು ಎಂಬ ಎಚ್ಚರವೂ ಒಟ್ಟಿಗೆ ಇಟ್ಟುಕೊಂಡು ಡಾರ್ವಿನ್ ಹೊರಬಂದ. ಸೂಕ್ಷ್ಮ ಬೋಧನೆಯಲ್ಲಿ ಪುನರ್ಬಲನ ಕೌಶಲಕ್ಕೆ ನಾವು ಶಹಬ್ಬಾಸ್, ಸರಿ ಉತ್ತರ ಎಂಬ ಮಾತುಗಳನ್ನು ಎಣಿಸುತ್ತೇವೆ. ಹೆನ್ಸ್‌ಲೋ ಮಾಡಿದ್ದು ಅದಕ್ಕಿಂತ ಕಷ್ಟದ ಕೆಲಸ: ಸುಳ್ಳು ಹೊಗಳದೆ, ಹುರುಪು ಮುರಿಯದೆ, ನಿಜ ತಿಳಿಸುವುದು.

1831ರಲ್ಲಿ ಬೀಗಲ್ ಹಡಗಿಗೆ ಒಬ್ಬ ನಿಸರ್ಗ ಶಾಸ್ತ್ರಜ್ಞ ಬೇಕು ಎಂಬ ವಿಚಾರಣೆ ಬಂದಾಗ ಹೆನ್ಸ್‌ಲೋ ಈ ಶಿಷ್ಯನ ಹೆಸರು ಹೇಳಿದರು. ಡಾರ್ವಿನ್ ಪಾರಂಗತನೆಂದಲ್ಲ, ನೋಡಬಲ್ಲ, ಕೂಡಿಡಬಲ್ಲ, ಬರೆದಿಡಬಲ್ಲ ಎಂದು. ತಂದೆ ಮೊದಲು ಒಪ್ಪಲಿಲ್ಲ. ಸೋದರಮಾವ ಹೇಳಿದ ಮೇಲೆ ಒಪ್ಪಿದರು.

ಹಡಗಿನ ಹಿಂದೆ ಕಟ್ಟಿದ ಬಲೆ

1831ರ ಡಿಸೆಂಬರ್ 27ರಂದು ಹೊರಟ ಹಡಗು ಮರಳಿದ್ದು 1836ರ ಅಕ್ಟೋಬರ್ 2ರಂದು. ಈ ಐದು ವರ್ಷದಲ್ಲಿ ಡಾರ್ವಿನ್ ಕಲಿತ ದೊಡ್ಡ ಶಿಸ್ತು ಸಂಖ್ಯೆ ಹಾಕುವುದು. ಪ್ರತಿ ಮಾದರಿಗೂ ಒಂದು ಸಂಖ್ಯೆಯ ಚೀಟಿ; ಸಾವಿರ ದಾಟಿದರೆ ಚೀಟಿಯ ಬಣ್ಣ ಬದಲು. ಅದೇ ಸಂಖ್ಯೆಯ ಎದುರು ಟಿಪ್ಪಣಿ ಪುಸ್ತಕದಲ್ಲಿ ಸಿಕ್ಕ ಜಾಗ, ಕಾಲ, ನೀರೋ ನೆಲವೋ, ಕಂಡ ನಡತೆ. ಕೊನೆಗೆ ಮದ್ಯಸಾರದಲ್ಲಿಟ್ಟವು 1529, ಒಣ ಮಾದರಿಗಳು 3907 ಆದವು.

ಈ ಟಿಪ್ಪಣಿಗಳಿಂದ ಹುಳ ಪ್ರಶ್ನೆಯಾಗತೊಡಗಿತು. ಬ್ರೆಜಿಲ್‌ನ ರಿಯೋ ನಗರದ ಸಸ್ಯೋದ್ಯಾನದ ಬಳಿಯ ಹಿನ್ನೀರಿನಲ್ಲಿ ನೀರು ಸಮುದ್ರಕ್ಕಿಂತ ತುಸುವೇ ಕಡಿಮೆ ಉಪ್ಪು. ಅಲ್ಲಿ ಅವನಿಗೆ ಹೈಡ್ರೋಫಿಲಸ್ ಜೀರುಂಡೆ ಮತ್ತೆ ಮತ್ತೆ ಕಂಡಿತು. ಇಂಗ್ಲೆಂಡಿನ ಸಿಹಿನೀರ ಕಾಲುವೆಗಳಲ್ಲಿ ಕಾಣುವ ಜೀರುಂಡೆಗೆ ಅದು ಬಹಳ ಹತ್ತಿರದ್ದು. ಸಿಹಿನೀರಿನ ಜೀವಿ ಉಪ್ಪುನೀರನ್ನು ಎಷ್ಟರವರೆಗೆ ತಾಳೀತು ಎಂಬುದನ್ನು ಅವನು ಬರೆದಿಟ್ಟುಕೊಂಡ.

ಇದಕ್ಕಿಂತ ಒಳ್ಳೆಯ ಉದಾಹರಣೆ ಅರ್ಜೆಂಟೀನಾದ ಕೊರಿಯೆಂಟೆಸ್ ಭೂಶಿರದ ಎದುರಿನ ಕಡಲಿನಲ್ಲಿ ನಡೆದದ್ದು. ದಡದಿಂದ 17 ಮೈಲಿ ದೂರದಲ್ಲಿ, ಕಡಲ ಜೀವಿಗಳು ಸಿಗಲೆಂದು ಹಡಗಿನ ಹಿಂದೆ ಬಲೆ ಕಟ್ಟಿದ್ದ. ಎತ್ತಿ ನೋಡಿದರೆ ಅದರಲ್ಲಿ ಜೀರುಂಡೆಗಳು! ಉಪ್ಪುನೀರಿನಿಂದ ಅವುಗಳಿಗೆ ಹೆಚ್ಚು ಹಾನಿಯೂ ಆಗಿರಲಿಲ್ಲ. ಗಾಳಿ ಹಾರಿಸಿಕೊಂಡು ಬಂದಿರಬೇಕು ಎಂದು ಮೊದಲು ಅಂದುಕೊಂಡ. ಆಮೇಲೆ ಎಣಿಸಿದ. ಉಳಿಸಿಕೊಂಡ ಎಂಟು ಪ್ರಭೇದಗಳಲ್ಲಿ ನಾಲ್ಕು ನೀರಿನಲ್ಲೇ ಬದುಕುವವು, ಇನ್ನೆರಡು ನೀರಿನ ಅಂಚಿನವು. ಗಾಳಿಯೇ ಕಾರಣವಾಗಿದ್ದರೆ ನೆಲದ ಜೀರುಂಡೆಗಳೇ ಹೆಚ್ಚಿರಬೇಕಿತ್ತಲ್ಲ? ಆದ್ದರಿಂದ ಭೂಶಿರದ ಬಳಿಯ ಕೆರೆಯಿಂದ ಕಡಲಿಗೆ ಹರಿಯುವ ಚಿಕ್ಕ ತೊರೆ ಇವನ್ನು ತೇಲಿಸಿ ತಂದಿರುವ ಸಂಭವವೇ ಹೆಚ್ಚು ಎಂದು ತರ್ಕಿಸಿದ. ಮೊದಲ ಊಹೆಯನ್ನು ಕೈಬಿಡಲು ಅವನಿಗೆ ಬೇಕಾದದ್ದು ಪ್ರಭೇದಗಳ ಪಟ್ಟಿ ಮತ್ತು ಪ್ರತಿಯೊಂದರ ನೆಲೆ ಯಾವುದು ಎಂಬ ತಿಳಿವಳಿಕೆ, ಅಷ್ಟೆ. ಬರಿಯ ಜೀರುಂಡೆಗಳು ಎಂದು ಬರೆದಿಟ್ಟಿದ್ದರೆ ಆ ತರ್ಕ ಹುಟ್ಟುತ್ತಲೇ ಇರಲಿಲ್ಲ.

ಇನ್ನೊಮ್ಮೆ ದಡ 45 ಮೈಲಿ ದೂರವಿದ್ದಾಗ ಕಾಲಿಂಬೆಟಿಸ್ ಎಂಬ ನೀರು ಜೀರುಂಡೆಯೊಂದು ಹಾರಿಬಂದು ಹಡಗಿನ ಮೇಲೆ ಇಳಿಯಿತು. ಇದನ್ನೂ ಬರೆದಿಟ್ಟ. ಎರಡು ದಶಕಕ್ಕೂ ಹೆಚ್ಚು ಕಾಲದ ನಂತರ ಅದು ಪ್ರಯೋಜನಕ್ಕೆ ಬಂತು.

ಈ ಶಿಸ್ತಿನಲ್ಲಿಯೂ ಅವನು ಒಮ್ಮೆ ಎಡವಿದ. 1835ರಲ್ಲಿ ಗಲಪಗೋಸ್‌ನಲ್ಲಿ ಹಿಡಿದ ಫಿಂಚ್ ಹಕ್ಕಿಗಳಿಗೆ ಯಾವ ದ್ವೀಪದ್ದೆಂದು ಸರಿಯಾಗಿ ಚೀಟಿ ಹಚ್ಚಲಿಲ್ಲ. ದ್ವೀಪದಿಂದ ದ್ವೀಪಕ್ಕೆ ಜೀವಿಗಳು ಬೇರೆಯಾಗಬಹುದು ಎಂದು ಆಗ ಹೊಳೆದಿರಲಿಲ್ಲ. ಮರಳಿದ ಮೇಲೆ ಕ್ಯಾಪ್ಟನ್ ಫಿಟ್ಸ್‌ರಾಯ್ ಮುಂತಾದವರು ಚೀಟಿ ಸಮೇತ ಇಟ್ಟಿದ್ದ ಹಕ್ಕಿಗಳನ್ನು ಕೇಳಿ ನೋಡಬೇಕಾಯಿತು. ನಮ್ಮ ಪಾಠದ ಪ್ರಸಿದ್ಧ ಉದಾಹರಣೆಯ ಹಿಂದೆ ಜಾಗ ಬರೆಯದ ಚೀಟಿಯ ಕಥೆಯಿದೆ.

ಹೆಸರಿಟ್ಟವನು ಬೇರೆ

ತಂದ ರಾಶಿಯನ್ನೆಲ್ಲ ತಾನೇ ವರ್ಣಿಸುತ್ತೇನೆ ಎಂದು ಡಾರ್ವಿನ್ ಹಟ ಹಿಡಿಯಲಿಲ್ಲ. ಹಕ್ಕಿಗಳನ್ನು ಜಾನ್ ಗೂಲ್ಡ್‌ಗೆ, ಹಲವು ಜೀರುಂಡೆಗಳನ್ನು ಜಾರ್ಜ್ ವಾಟರ್‌ಹೌಸ್‌ಗೆ ಕೊಟ್ಟ. ಡೈಟಿಸ್ಕಸ್ ಕುಟುಂಬದ ನೀರು ಜೀರುಂಡೆಗಳು ಹೋದದ್ದು ಯಾರ ಕೈಗೆ? ಹಿಂದೆ ಮೊದಲ ಆಯ್ಕೆಗಾಗಿ ಪೈಪೋಟಿ ಮಾಡಿದ್ದ ಅದೇ ಬ್ಯಾಬಿಂಗ್ಟನ್ ಕೈಗೆ. 1840ರ ದಶಕದ ಆರಂಭದಲ್ಲಿ ಲಂಡನ್ನಿನ ಕೀಟಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಬ್ಯಾಬಿಂಗ್ಟನ್ ಅವುಗಳ ವರ್ಣನೆ ಪ್ರಕಟಿಸಿ, ಲೇಖನದ ಶೀರ್ಷಿಕೆಯಲ್ಲೇ ಡಾರ್ವಿನ್ ಹೆಸರು ಸೇರಿಸಿದ. ಮುಂದೆ ಹೆನ್ಸ್‌ಲೋ ತೀರಿಕೊಂಡಾಗ ಅವರ ಪ್ರಾಧ್ಯಾಪಕ ಪೀಠಕ್ಕೆ ಬಂದವನೂ ಇವನೇ.

ಪ್ರಭೇದವನ್ನು ವರ್ಣಿಸುವುದು ಎಷ್ಟು ಸೂಕ್ಷ್ಮದ ಕೆಲಸ ಎನ್ನಲು ಡೈಟಿಸ್ಕಸ್ ಒಂದೇ ಸಾಕು. ಗಂಡಿನ ಮುಂಗಾಲಿನ ತುದಿ ಅಗಲವಾಗಿದ್ದು ಹೀರುಬಟ್ಟಲುಗಳಿರುತ್ತವೆ. ಜಾರುವ ಹೆಣ್ಣನ್ನು ಹಿಡಿದುಕೊಳ್ಳಲು. ಹಲವು ಹೆಣ್ಣುಗಳ ಮುಂರೆಕ್ಕೆಯ ಮೇಲೆ ಉದ್ದುದ್ದ ಗೀರುಗಳಿರುತ್ತವೆ, ಗಂಡಿನದು ನುಣುಪು. ಒಂದೇ ಪ್ರಭೇದದಲ್ಲಿ ನುಣುಪು ಹೆಣ್ಣೂ ಇರಬಹುದು. ಒಂದೇ ಹುಳ ನೋಡಿ ಹೆಸರಿಟ್ಟವನು ಗಂಡು ಹೆಣ್ಣನ್ನು ಎರಡು ಪ್ರಭೇದವೆಂದು ತಪ್ಪಾಗಿ ಎಣಿಸಿಯಾನು. ಒಂದೇ ಕೊಳದ ಹಲವು ಮಾದರಿಗಳು ಒಟ್ಟಿಗೆ ಬೇಕಾಗುವುದು ಇದಕ್ಕೇ. ಗಂಡು ಹೆಣ್ಣಿನ ಈ ವ್ಯತ್ಯಾಸವನ್ನು ಡಾರ್ವಿನ್ 1871ರ ತನ್ನ ಮಾನವ ಮೂಲದ ಗ್ರಂಥದಲ್ಲಿ ಚರ್ಚಿಸಿದ.

ಅಷ್ಟರಲ್ಲಿ ಕೇಂಬ್ರಿಡ್ಜ್ ಸುತ್ತಲಿನ ಜೌಗು ಬದಲಾಗಿತ್ತು. ಇಂಗ್ಲೆಂಡಿನ ತಗ್ಗು ಪ್ರದೇಶದ ದೊಡ್ಡ ಸರೋವರಗಳಲ್ಲಿ ಒಂದಾದ ವಿಟಲ್‌ಸೀ ಮೀರ್ ಅನ್ನು 1850ರ ದಶಕದ ಆರಂಭದಲ್ಲಿ ಬೇಸಾಯಕ್ಕಾಗಿ ಬತ್ತಿಸಿದರು. ಫೆನ್‌ನ ಬಹುಭಾಗ ಹೊಲವಾಯಿತು. ಅಲ್ಲಿ ಏನೇನಿತ್ತು ಎಂದು ಹೇಳಲು ಉಳಿದದ್ದು ಹಳೆಯ ಸಂಗ್ರಹಕಾರರ ಚೀಟಿಗಳು, ಅದೂ ಜಾಗ ಬರೆದವು ಮಾತ್ರ.

ಕೊಳದಿಂದ ಕೊಳಕ್ಕೆ

1839ರಲ್ಲಿ ಎಮ್ಮಾ ವೆಜ್‌ವುಡ್ ಜೊತೆ ಮದುವೆ; 1842ರಲ್ಲಿ ಲಂಡನ್ ಬಿಟ್ಟು ಡೌನ್ ಹಳ್ಳಿಯಲ್ಲಿ ವಾಸ. ಆರೋಗ್ಯ ಕೈಕೊಟ್ಟಿದ್ದರಿಂದ ದೂರ ಪ್ರಯಾಣ ನಿಂತಿತು. ಮನೆ, ತೋಟ, ಹತ್ತಿರದ ಕೊಳಗಳೇ ಪ್ರಯೋಗಶಾಲೆಯಾದವು. 1859ರ ಜೂನ್‌ನಲ್ಲಿ ಕೀಟಪ್ರಿಯರ ಪತ್ರಿಕೆಯೊಂದರಲ್ಲಿ ಡೌನ್‌ನಲ್ಲಿ ಸಿಕ್ಕ ಜೀರುಂಡೆಗಳ ಟಿಪ್ಪಣಿ ಅಚ್ಚಾಯಿತು. ಕೆಳಗೆ ಇದ್ದ ಹೆಸರುಗಳು ಅವನ ಮೂವರು ಚಿಕ್ಕ ಗಂಡುಮಕ್ಕಳದು. ಅದೇ ವರ್ಷದ ನವೆಂಬರ್‌ನಲ್ಲಿ ಪ್ರಭೇದಗಳ ಉಗಮ ಹೊರಬಂತು.

ಆ ಗ್ರಂಥದಲ್ಲಿ ಅವನನ್ನು ಕಾಡಿದ ಪ್ರಶ್ನೆಗಳಲ್ಲಿ ಇದೂ ಒಂದು: ಕೊಳ ಎಂದರೆ ನೆಲದ ನಡುವೆ ಇರುವ ದ್ವೀಪದ ಹಾಗೆ. ಒಂದಕ್ಕೊಂದು ಸಂಬಂಧವಿಲ್ಲದ, ದೂರ ದೂರದ ಕೊಳಗಳಲ್ಲಿ ಒಂದೇ ಬಸವನಹುಳು, ಒಂದೇ ಗಿಡ ಹೇಗೆ? ಪ್ರತಿ ಕೊಳದಲ್ಲೂ ಬೇರೆ ಬೇರೆಯಾಗಿ ಸೃಷ್ಟಿಯಾದವು ಎಂಬ ಉತ್ತರ ಅವನಿಗೆ ಸಾಲದು. ಸಾಗಿಸಿದವರಾರು ಎಂದು ಹುಡುಕಿದ. ಬಾತುಕೋಳಿಯ ಪಾದವನ್ನು ನೀರಿನಲ್ಲಿ ಇಳಿಬಿಟ್ಟಾಗ ಆಗತಾನೆ ಹೊರಬಂದ ಬಸವನಹುಳು ಮರಿಗಳು ಅದಕ್ಕೆ ಅಂಟಿದವು. ನೀರಿನಿಂದ ತೆಗೆದ ಮೇಲೂ ಒದ್ದೆ ಗಾಳಿಯಲ್ಲಿ 12ರಿಂದ 20 ತಾಸು ಬದುಕಿದವು. ಚಿಕ್ಕ ಕೊಳದ ಅಂಚಿನಿಂದ ಮೂರು ದೊಡ್ಡ ಚಮಚ ಕೆಸರು ತಂದು ಮುಚ್ಚಿಟ್ಟು, ಮೊಳೆತ ಗಿಡಗಳನ್ನು ಆರು ತಿಂಗಳು ಕಿತ್ತು ಎಣಿಸಿದ: 537. ಇಷ್ಟು ಬೀಜ ಒಂದು ಬಟ್ಟಲು ಕೆಸರಿನಲ್ಲಿದ್ದರೆ, ಹಕ್ಕಿಯ ಕಾಲಿಗೆ ಮೆತ್ತಿದ ಕೆಸರು ಏನನ್ನೆಲ್ಲ ಒಯ್ಯಬಹುದು! 45 ಮೈಲಿ ದೂರ ಹಾರಿಬಂದ ಆ ಕಾಲಿಂಬೆಟಿಸ್ ಜೀರುಂಡೆ ಸಾಕ್ಷಿ ಹೇಳಲು ಬಂದದ್ದು ಇಲ್ಲಿ. ನೀರು ಜೀರುಂಡೆಗೆ ರೆಕ್ಕೆಯಿದೆ, ಕೊಳ ಬಿಟ್ಟು ಕೊಳಕ್ಕೆ ಹೋಗುತ್ತದೆ, ಬರಿಗೈಯಲ್ಲಿ ಹೋಗದಿದ್ದರೆ?

ಕೊನೆಯ ಜೀರುಂಡೆ

ಆ ಪ್ರಶ್ನೆಗೆ ಉತ್ತರದ ತುಣುಕೊಂದು 1882ರಲ್ಲಿ ಅಂಚೆಯಲ್ಲಿ ಬಂತು. ನಾರ್ಥಾಂಪ್ಟನ್‌ನಲ್ಲಿ ಪಾದರಕ್ಷೆಯ ಕಸುಬಿನಲ್ಲಿದ್ದ ಹವ್ಯಾಸಿ ವಾಲ್ಟರ್ ಕ್ರಿಕ್‌ಗೆ ಫೆಬ್ರವರಿ 18ರಂದು ಒಂದು ಹೆಣ್ಣು ಡೈಟಿಸ್ಕಸ್ ಸಿಕ್ಕಿತ್ತು. ಅದರ ನಡುಗಾಲಿನ ತುದಿಯನ್ನು ಪುಟ್ಟ ಕಪ್ಪೆಚಿಪ್ಪೊಂದು ಕಚ್ಚಿ ಹಿಡಿದಿತ್ತು. 73 ವರ್ಷದ, ಜಗದ್ವಿಖ್ಯಾತನಾದ ಡಾರ್ವಿನ್ ಈ ಅಪರಿಚಿತನಿಗೆ ಕೂಡಲೇ ಮಾರುತ್ತರ ಬರೆದು ವಿವರ ಕೇಳಿದ. ಚಿಪ್ಪಿನ ಉದ್ದ ಅಗಲ ಎಷ್ಟು? ಯಾವ ಕಾಲು? ಕಾಲಿನ ಎಷ್ಟು ಭಾಗ ಸಿಕ್ಕಿಕೊಂಡಿದೆ? ಉತ್ತರ ಬಂತು: ಉದ್ದ ಸುಮಾರು 11 ಮಿಲಿಮೀಟರ್, ತೂಕ 0.39 ಗ್ರಾಂ. ಜೀರುಂಡೆ ಕಾಲನ್ನು ಜೋರಾಗಿ ಒದರಿದರೂ ಚಿಪ್ಪು ಬಿಡಲಿಲ್ಲ. ಐದು ದಿನದ ನಂತರ ತಾನೇ ಕಳಚಿತು, ಆಗಲೂ ಜೀವಂತವಾಗಿತ್ತು.

ಕ್ರಿಕ್ ಕಳಿಸಿಕೊಟ್ಟ ಜೀರುಂಡೆ ಕೈಸೇರಿದಾಗ ಅದರಲ್ಲಿ ಇನ್ನೂ ಕ್ಷೀಣವಾಗಿ ಜೀವವಿತ್ತು. ಅದು ನರಳದೆ ಬೇಗ ಸಾಯಲೆಂದು, ವಿಷದ ಆವಿ ಬಿಡುವ ಲಾರೆಲ್ ಎಲೆಗಳನ್ನು ಹೆಚ್ಚಿ ಹಾಕಿದ ಸೀಸೆಯಲ್ಲಿಟ್ಟ. ಅಕ್ಕನ ಮಾತು ಕೇಳಿ ಸತ್ತ ಹುಳಗಳನ್ನಷ್ಟೇ ಆಯಲು ಹೊರಟಿದ್ದ ಹತ್ತು ವರ್ಷದ ಹುಡುಗ ಎಲ್ಲಿಗೂ ಹೋಗಿರಲಿಲ್ಲ.

ಸಿಹಿನೀರ ಚಿಪ್ಪುಗಳು ಹರಡುವ ಬಗೆಯನ್ನು ಕುರಿತ ಟಿಪ್ಪಣಿ ನೇಚರ್ ಪತ್ರಿಕೆಯ ಏಪ್ರಿಲ್ 6ರ ಸಂಚಿಕೆಯಲ್ಲಿ ಬಂತು. ಕ್ರಿಕ್‌ನ ಹೆಸರು ಅದರಲ್ಲಿತ್ತು. ಏಪ್ರಿಲ್ 19ರಂದು ಡಾರ್ವಿನ್ ತೀರಿಕೊಂಡ. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ಮಾಡಿದರು. ಆ ಕ್ರಿಕ್‌ನ ಮೊಮ್ಮಗನೇ 1953ರಲ್ಲಿ ಡಿಎನ್ಎ ರಚನೆಯನ್ನು ಕಂಡುಹಿಡಿದ ಇಬ್ಬರಲ್ಲಿ ಒಬ್ಬನಾದ ಫ್ರಾನ್ಸಿಸ್ ಕ್ರಿಕ್.

ತರಗತಿಗೆ ಏನು ಒಯ್ಯಬಹುದು

ಈ ಬದುಕನ್ನು ಹೇಳಿ ಮುಗಿಸಿದರೆ ಸಾಲದು, ಮಕ್ಕಳಿಂದ ಮಾಡಿಸಬಹುದು. ಶಾಲೆಯ ಹತ್ತಿರದ ಕೆರೆ ಅಥವಾ ಹೊಂಡದ ತಗ್ಗಾದ ಅಂಚಿಗೆ ಮಾರ್ಗದರ್ಶಕ ಶಿಕ್ಷಕರೊಂದಿಗೆ ಹೋಗಿ, ಚಹಾ ಸೋಸುವ ಜರಡಿಯಿಂದ ಜೊಂಡಿನ ಬುಡವನ್ನು ಜಾಲಾಡಿ, ಬಿಳಿ ತಟ್ಟೆಯ ನೀರಿಗೆ ಬಿಡಿ. ಕೈಯಿಂದ ಹಿಡಿಯುವುದು ಬೇಡ, ಕೆಲವು ಕಚ್ಚುತ್ತವೆ. ಉಸಿರಿಗೆ ಬಾಲ ಮೇಲೆ ಮಾಡುತ್ತದೋ ತಲೆಯೋ? ಈ ಒಂದು ಪ್ರಶ್ನೆಯಿಂದಲೇ ಮಕ್ಕಳು ಎರಡು ಕುಟುಂಬಗಳನ್ನು ಬೇರ್ಪಡಿಸಬಲ್ಲರು. ಶಾಸ್ತ್ರೀಯ ಹೆಸರು ಗೊತ್ತಾಗದಿದ್ದರೆ ಚಿಂತೆಯಿಲ್ಲ. ಗುರುತಿಗೆ ಸಂಖ್ಯೆ ಕೊಡಲಿ. ಆದರೆ ದಿನಾಂಕ, ಜಾಗ, ನೀರಿನ ಆಳ, ಸುತ್ತಲಿನ ಗಿಡ, ಕಂಡ ನಡತೆ ಈ ಐದು ಕಾಲಂ ಖಾಲಿ ಬಿಡಬಾರದು. ಆಮೇಲೆ ಹುಳಗಳನ್ನು ಸಿಕ್ಕಿದ ಜಾಗಕ್ಕೇ ಬಿಟ್ಟುಬಿಡಲಿ. ಮಳೆಗಾಲ ಮುಗಿದಾಗ ಒಮ್ಮೆ, ಬೇಸಿಗೆಯ ಮೊದಲು ಇನ್ನೊಮ್ಮೆ ಹೋದರೆ ಹೋಲಿಸಲು ಎರಡು ಪಟ್ಟಿ ಸಿಗುತ್ತವೆ.

ಆಗ ಯಾವುದೋ ಮಗು ಎಲ್ಲರಿಗೂ ಗೊತ್ತಿರುವ ಸಂಗತಿಯನ್ನೇ ಹೊಸದಾಗಿ ಕಂಡೆನೆಂದು ಓಡಿಬರುತ್ತದೆ. ಪಾಠ ವೀಕ್ಷಕರು ಹಿಂದಿನ ಸಾಲಿನಲ್ಲಿ ಕುಳಿತಿರಬಹುದು, ಗಂಟೆ ಬಾರಿಸಲು ಐದು ನಿಮಿಷ ಉಳಿದಿರಬಹುದು. ಆದರೂ ಆ ಮಗುವಿನ ಮಾತಿಗೆ ನಿಲ್ಲಬೇಕು, ಹೆನ್ಸ್‌ಲೋ ನಿಂತ ಹಾಗೆ.